ಮಗಳ ಹೆಸರಿನ ಅಕ್ಕಿ

ನಾನು ಬಳ್ಳಾರಿಯ ಒಂದು ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಸಾಹಿತ್ಯದ ಕ್ಲಾಸಿನಲ್ಲಿ ಕೂಡುವ ಲೆಕ್ಕ ಬರೆಯುವ ಪ್ರಸಂಗ ಬರುವುದೇ ಅಪರೂಪ. ಆದರೆ ವರ್ಷಕ್ಕೊಂದು ಸಲ, ಸುಜಾನ್ ಕಾಲಿನ್ಸ್ ಅವರ ಕಾದಂಬರಿ 'ದಿ ಹಂಗರ್ ಗೇಮ್ಸ್'ನ ಕಥೆ ಹೇಳುವ ದಿನ, ಬೋರ್ಡಿನ ಮೇಲೆ ಲೆಕ್ಕ ಬರೆದೇ ಬರೆಯುತ್ತೇನೆ. ಒಮ್ಮೆ ಬೋರ್ಡ್ ಒರೆಸೋದು ಮರೆತು ಬಂದಿದ್ದೆ. ಮುಂದಿನ ಪೀರಿಯಡ್‌ಗೆ ಬಂದ ಕಾಮರ್ಸ್ ಸರ್, ಇದು ಯಾವ ಸಬ್ಜೆಕ್ಟಿನ ಲೆಕ್ಕ ಅಂತ ಕೇಳಿದರಂತೆ. ಹುಡುಗರು ಇಂಗ್ಲಿಷ್ ರೀ ಸರ್ ಅಂದರಂತೆ. ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಅದನ್ನೇ ಹೇಳಿ ನಗುತ್ತಾರೆ.

ಈ ಥರದ ಪುಸ್ತಕಗಳಿಗೆ ಯಂಗ್ ಅಡಲ್ಟ್ ಡಿಸ್ಟೋಪಿಯ ಅಂತ ಹೆಸರು. ಹದಿಹರೆಯದವರಿಗಾಗಿ ಬರೆದ, ಕೆಟ್ಟುಹೋದ ನಾಳೆಯ ಕಥೆಗಳು ಅಂದುಕೊಳ್ಳಿ. 2008ರ ಆಚೆ ಒಂದಷ್ಟು ವರ್ಷ ಪುಸ್ತಕದ ಅಂಗಡಿಯಲ್ಲೂ ಥಿಯೇಟರಿನಲ್ಲೂ ಇವುಗಳದ್ದೇ ಹಾವಳಿ. ಎಲ್ಲದರಲ್ಲೂ ಬಡವರಿರುತ್ತಾರೆ. ಬೇಲಿಯ ಆಚೆ ಹೊಟ್ಟೆ ತುಂಬಿದವರು, ಈಚೆ ಹಸಿದವರು. ಅದು ಯಾರಿಗಾದರೂ ಕಾಣುತ್ತದೆ. ನನಗೆ ಕುತೂಹಲ ಇರುವುದು ಬೇರೆ ವಿಷಯದಲ್ಲಿ. ಲೇಖಕರಿಗೆ ಬಡತನ ಗೊತ್ತಿದೆಯೋ, ಇಲ್ಲಾ ಬಡತನದ ಫೋಟೋ ಮಾತ್ರ ಗೊತ್ತಿದೆಯೋ? ಇದನ್ನು ಪತ್ತೆ ಹಚ್ಚಲು ನನ್ನ ಹತ್ತಿರ ಇರುವುದು ಒಂದೇ ಪ್ರಶ್ನೆ: ಈ ಮನೆಗೆ ಅಕ್ಕಿ ಎಲ್ಲಿಂದ ಬಂತು?

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂನವರು. ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯಿಂದ ಬೆಳಿಗ್ಗೆ ಬಸ್ಸಿಗೆ ಜೋತುಬಿದ್ದು ಬರುತ್ತಾರೆ. ಮನೆಮಾತು ಕೆಲವರದು ಕನ್ನಡ, ಕೆಲವರದು ತೆಲುಗು, ಕೆಲವರದು ಉರ್ದು. ಇಡೀ ಇಂಗ್ಲಿಷ್ ಕಾದಂಬರಿ ಓದಿ ಅಂದರೆ ಮರುದಿನ ಕ್ಲಾಸಿಗೇ ಬರುವುದಿಲ್ಲ. ಅದಕ್ಕೆ ನಾನು ಕಥೆಯನ್ನು ಕನ್ನಡದಲ್ಲಿ ಹೇಳುತ್ತೇನೆ, ನಡುವೆ ಎರಡೆರಡು ಪುಟ ಇಂಗ್ಲಿಷ್‌ನಲ್ಲಿ ಓದಿಸುತ್ತೇನೆ. ಸುಜಾನ್ ಕಾಲಿನ್ಸ್ ಬರೆಯುವ ವಾಕ್ಯಗಳು ಚಿಕ್ಕವು, ಎಲ್ಲವೂ ಈಗ ನಡೆಯುತ್ತಿರುವ ಹಾಗೆ. ನಮ್ಮ ಹುಡುಗರ ಕೈಗೆ ಅದು ಎಟಕುತ್ತದೆ.

ಸಿನಿಮಾ ನೋಡಿದವರಿಗೆ ಬಿಲ್ಲು ಹಿಡಿದ ಹುಡುಗಿ ನೆನಪಿರುತ್ತಾಳೆ, ಕಾಡು ನೆನಪಿರುತ್ತದೆ, ಕೊಲ್ಲುವ ಆಟ ನೆನಪಿರುತ್ತದೆ. ಪುಸ್ತಕದಲ್ಲಿ ಆಟಕ್ಕೂ ಮೊದಲು ಒಂದು ರೇಷನ್ ಪದ್ಧತಿ ಬರುತ್ತದೆ. ಅದನ್ನು ಬಿಟ್ಟರೆ ಕಥೆಯ ಬೇರನ್ನೇ ಕಿತ್ತ ಹಾಗೆ.

ಪ್ಯಾನೆಮ್ ಅನ್ನೋ ದೇಶ. ನಡುವೆ ಕ್ಯಾಪಿಟಲ್ ಅನ್ನೋ ರಾಜಧಾನಿ, ಸುತ್ತ 12 ಜಿಲ್ಲೆಗಳು. ಹಿಂದೊಮ್ಮೆ ಜಿಲ್ಲೆಗಳು ದಂಗೆ ಎದ್ದಿದ್ದಕ್ಕೆ ಶಿಕ್ಷೆಯಾಗಿ, ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. 24 ಮಕ್ಕಳು ಒಳಗೆ ಹೋಗುತ್ತಾರೆ, ಒಬ್ಬರು ಉಳಿಯಬೇಕು. ವಯಸ್ಸು 12ರಿಂದ 18. ಹನ್ನೆರಡು ತುಂಬಿದಾಗ ನಿಮ್ಮ ಹೆಸರಿನ ಒಂದು ಚೀಟಿ ಬೀಳುತ್ತದೆ. ಹದಿಮೂರಕ್ಕೆ ಎರಡು. ಹೀಗೆ ಹದಿನೆಂಟಕ್ಕೆ ಏಳು. ಇಲ್ಲಿಯವರೆಗೆ ಮೇಯರ್ ಮಗಳಿಗೂ ಗಣಿ ಕೂಲಿಯವನ ಮಗಳಿಗೂ ಒಂದೇ ನಿಯಮ.

ಆಮೇಲೆ ಟೆಸೆರಾ ಬರುತ್ತದೆ. ಮನೆಯಲ್ಲಿ ಊಟಕ್ಕಿಲ್ಲದಿದ್ದರೆ ನಿಮ್ಮ ಹೆಸರಿನ ಇನ್ನೊಂದು ಚೀಟಿ ಹಾಕಿಸಬಹುದು. ಅದಕ್ಕೆ ಬದಲಾಗಿ ಒಬ್ಬರಿಗೆ ಒಂದು ವರ್ಷ ಹೇಗೋ ಸಾಗುವಷ್ಟು ಕಾಳು, ಎಣ್ಣೆ ಸಿಗುತ್ತದೆ. ಮನೆಯ ಪ್ರತಿಯೊಬ್ಬರ ಪಾಲಿಗೂ ಹೀಗೆ ತಗೊಳ್ಳಬಹುದು. ಚೀಟಿ ಮಾತ್ರ ವರ್ಷ ಮುಗಿದರೂ ಹೋಗುವುದಿಲ್ಲ. ಕೂಡುತ್ತಾ ಹೋಗುತ್ತದೆ.

ಇಲ್ಲಿ ಚಾಕ್‌ಪೀಸ್ ತಗೊಳ್ಳುತ್ತೇನೆ. ಕಥೆಯ ಹುಡುಗಿ ಕ್ಯಾಟ್ನಿಸ್‌ಗೆ 16 ವರ್ಷ. ಮನೆಯಲ್ಲಿ ಅವಳು, ಅವ್ವ, ತಂಗಿ, ಮೂರು ಜನ. ವಯಸ್ಸಿನ ಲೆಕ್ಕದ ಚೀಟಿ 5. ಐದು ವರ್ಷ, ವರ್ಷಕ್ಕೆ ಮೂರರಂತೆ ಟೆಸೆರಾ, 15. ಒಟ್ಟು 20. ಅವಳ ಗೆಳೆಯ ಗೇಲ್‌ಗೆ 18. ತಾಯಿ, ಮೂವರು ಚಿಕ್ಕವರು, ತಾನು, ಐದು ಹೊಟ್ಟೆ. ವಯಸ್ಸಿನ ಚೀಟಿ 7, ಟೆಸೆರಾ 35. ಒಟ್ಟು 42. ಮೇಯರ್ ಮಗಳು ಮ್ಯಾಜ್‌ಗೂ ಕ್ಯಾಟ್ನಿಸ್‌ನಷ್ಟೇ ವಯಸ್ಸು. ಅವಳ ಚೀಟಿ ಬರೀ 5.

ಇಷ್ಟೇ ಲೆಕ್ಕ. ಒಂದೇ ಊರು, ಒಂದೇ ವಯಸ್ಸು, ಒಬ್ಬಳಿಗೆ 5, ಇನ್ನೊಬ್ಬಳಿಗೆ 20. ಚೀಟಿ ಎತ್ತುವ ಕೈಯಲ್ಲಿ ಯಾವ ಮೋಸವೂ ಇಲ್ಲ. ಎಲ್ಲರೆದುರಿಗೆ ಎತ್ತುತ್ತಾರೆ. ಮೋಸ ಏನಿದ್ದರೂ ಅದಕ್ಕೂ ಮೊದಲೇ, ಕಾಳು ಅಳೆದು ಕೊಡುವ ಜಾಗದಲ್ಲಿ ಮುಗಿದಿರುತ್ತದೆ.

ಮೊದಲ ಒಂದೆರಡು ವರ್ಷ ನಾನು ಇದನ್ನು ರೇಷನ್ ಕಾರ್ಡಿಗೆ ಹೋಲಿಸಿ ಹೇಳುತ್ತಿದ್ದೆ. ನ್ಯಾಯಬೆಲೆ ಅಂಗಡಿ, ಕ್ಯೂ, ಹೆಬ್ಬೆಟ್ಟು ಒತ್ತುವ ಮಿಷನ್, ತಲೆಗೆ ಇಷ್ಟು ಕೆಜಿ. ಮಕ್ಕಳಿಗೆ ಬೇಗ ಹತ್ತುತ್ತಿತ್ತು, ನನಗೂ ಸಮಾಧಾನ ಆಗುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸಾಮಾನ್ಯವಾಗಿ ಬಾಯಿ ಬಿಡುವವಳಲ್ಲ.

"ಇದು ರೇಷನ್ ಅಲ್ರೀ ಮೇಡಂ. ರೇಷನ್ ಅಕ್ಕಿ ತಿಂದ್ರೆ ತಿರುಗಿ ಏನೂ ಕೇಳಲ್ಲ. ಇದು ಕೇಳ್ತೈತೆ. ಇದು ಸಂಘದ ಸಾಲ."

ನಮ್ಮ ಕಡೆ ಸಂಘದ ಸಾಲ ಅಂದರೆ ಮೈಕ್ರೋಫೈನಾನ್ಸ್. ಹೆಣ್ಣುಮಕ್ಕಳ ಗುಂಪು ಮಾಡಿ ಸಾಲ ಕೊಡುತ್ತಾರೆ. ವಾರ ವಾರ ಕಂತು. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಸೇರಿ ಕಟ್ಟಬೇಕು. ವಸೂಲಿಗೆ ಬರುವವರು ಬಾಗಿಲಲ್ಲಿ ಕೂತರೆ ಏಳುವುದಿಲ್ಲ. ಈ ಕಿರುಕುಳ ಎಷ್ಟು ಜಾಸ್ತಿಯಾಯಿತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಹುಡುಗಿ ಅದನ್ನೆಲ್ಲ ವಿವರಿಸಲಿಲ್ಲ. ಹೇಳಿ ಕೂತಳು. ಪಕ್ಕದ ಸಾಲಿನಲ್ಲಿ ಮೂರ್ನಾಲ್ಕು ತಲೆ ಹೌದು ಅಂತ ಅಲ್ಲಾಡಿದವು.

ಅವಳು ಹೇಳಿದ್ದು ಸರಿ. ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಅನ್ನಭಾಗ್ಯ 2013ರಲ್ಲಿ ಶುರುವಾಯಿತು. ಅದರ ಬಗ್ಗೆ ಯಾರು ಏನೇ ಆಡಿಕೊಳ್ಳಲಿ, ಅಕ್ಕಿ ಒಯ್ದವರ ಮನೆಗೆ ಮಗಳನ್ನು ಕಳಿಸಿ ಅಂತ ಯಾರೂ ಬರುವುದಿಲ್ಲ. ಟೆಸೆರಾ ಸಾಲ. ಅಡವಿಟ್ಟಿರುವುದು ಮಗುವಿನ ಹೆಸರು. ಎಷ್ಟು ವರ್ಷ ಹೋದರೂ ಅಸಲು ತೀರುವುದಿಲ್ಲ. ಅವತ್ತಿನಿಂದ ಕ್ಲಾಸಿನಲ್ಲಿ ರೇಷನ್ ಕಾರ್ಡಿನ ಮಾತು ತೆಗೆಯುವುದಿಲ್ಲ.

ಇದೇ ಕಾದಂಬರಿಯಲ್ಲಿ ಗೇಲ್ ಒಂದು ಕಡೆ ಸಿಟ್ಟಿನಿಂದ ಹೇಳುತ್ತಾನೆ: ಟೆಸೆರಾ ಇರುವುದೇ ನಮ್ಮ ನಮ್ಮಲ್ಲಿ ದ್ವೇಷ ಹುಟ್ಟಿಸೋಕೆ. ಹಸಿದ ಗಣಿ ಕೇರಿಯವರಿಗೂ, ರಾತ್ರಿ ಊಟ ಗ್ಯಾರಂಟಿ ಇರುವ ಪೇಟೆಯವರಿಗೂ ಎಂದೂ ಹೊಂದಾಣಿಕೆ ಆಗಬಾರದು, ಅದಕ್ಕೇ ಈ ನಿಯಮ ಅನ್ನೋದು ಅವನ ವಾದ. ಮ್ಯಾಜ್‌ಳ ಮೇಲೆ ರೇಗುವವನೂ ಅವನೇ. ಕ್ಯಾಪಿಟಲ್‌ನವರು ಕೈಗೆ ಸಿಗುವುದಿಲ್ಲ, ಪಕ್ಕದ ಬೀದಿಯ ಮೇಯರ್ ಮಗಳು ಸಿಗುತ್ತಾಳೆ. ಸಂಘದಲ್ಲೂ ಅಷ್ಟೇ ಅಲ್ವಾ? ಕಂಪನಿಯ ಮಾಲೀಕನ ಮುಖ ಯಾರೂ ನೋಡಿರುವುದಿಲ್ಲ. ಕಂತು ತಪ್ಪಿಸಿದ ಪಕ್ಕದ ಮನೆಯ ಅಕ್ಕನ ಜೊತೆ ಮಾತು ಬಿಟ್ಟಿರುತ್ತಾರೆ.

ಪೇಟೆಯವರೂ ಏನು ಸುಖವಾಗಿಲ್ಲ. ಪೀಟಾ ಅನ್ನೋ ಹುಡುಗನ ಅಪ್ಪನದು ಬೇಕರಿ. ಆದರೆ ಆ ಮನೆಯವರು ತಿನ್ನುವುದು ಯಾರೂ ಕೊಳ್ಳದೆ ಉಳಿದ, ಒಣಗಿದ ಬ್ರೆಡ್. ಈ ವಿವರ ಬಂದಾಗ ಹೋಟೆಲ್ ಇಟ್ಟವರ ಮಕ್ಕಳು ನಗುತ್ತಾರೆ. ಅವರಿಗೆ ಗೊತ್ತು.

ನನ್ನನ್ನು ಪ್ರತಿ ಸಲ ನಿಲ್ಲಿಸುವ ಇನ್ನೊಂದು ಚಿಕ್ಕ ಸಂಗತಿ ಇದೆ. ಕ್ಯಾಟ್ನಿಸ್‌ಗೆ 11 ವರ್ಷ ಇದ್ದಾಗ ಅಪ್ಪ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ ಸಾಯುತ್ತಾನೆ. ಜಿಲ್ಲೆಯಿಂದ ಪರಿಹಾರ ಬರುತ್ತದೆ. ಎಷ್ಟು? ಒಂದು ತಿಂಗಳು ದುಃಖಪಡಲು ಸಾಕಾಗುವಷ್ಟು. ಆಮೇಲೆ ತಾಯಿ ಕೆಲಸ ಹುಡುಕಿಕೊಳ್ಳಬೇಕು. ತಾಯಿ ಏಳುವುದೇ ಇಲ್ಲ, ಗೋಡೆ ನೋಡುತ್ತಾ ಕೂತುಬಿಡುತ್ತಾಳೆ. ಹನ್ನೊಂದರ ಹುಡುಗಿ ಕಾಡಿಗೆ ಹೋಗುತ್ತಾಳೆ. ಇಲ್ಲಿ ಯಾವ ಹರಿದ ಬಟ್ಟೆಯ ವರ್ಣನೆಯೂ ಇಲ್ಲ, ಕೊಳಚೆ ಇಲ್ಲ, ಕಣ್ಣೀರಿಲ್ಲ. ಒಂದು ಮೊತ್ತ, ಒಂದು ಅವಧಿ. ಗಣಿ ಜಿಲ್ಲೆಯಲ್ಲಿ ಕೂತು ಇದನ್ನು ಗಟ್ಟಿಯಾಗಿ ಓದುವಾಗ ಕ್ಲಾಸು ಸುಮ್ಮನಾಗಿಬಿಡುತ್ತದೆ.

ಒಂದು ಮಾತು ಅಡ್ಡ ಬರುತ್ತಿದೆ, ಹೇಳಿಬಿಡುತ್ತೇನೆ. ಕಾಲಿನ್ಸ್ ಈ ಕಥೆಯ ಬೀಜ ಗ್ರೀಕರ ಥೀಸಿಯಸ್ ಕಥೆಯಲ್ಲಿದೆ ಅಂದಿದ್ದಾರೆ. ಅಥೆನ್ಸ್‌ನಿಂದ ಏಳು ಹುಡುಗರು, ಏಳು ಹುಡುಗಿಯರನ್ನು ಮಿನೊಟಾರ್ ಅನ್ನೋ ರಾಕ್ಷಸನಿಗೆ ಕಳಿಸಬೇಕಿತ್ತು. ನಾನು ಇದನ್ನು ಹೇಳಿದ ಕೂಡಲೇ ಯಾರಾದರೂ ಬಕಾಸುರ ಅಂತಾರೆ. ಬಯಲಾಟ ನೋಡಿ ಬೆಳೆದ ಸೀಮೆ ನಮ್ಮದು, ಅನ್ನದೇ ಇರುತ್ತಾರಾ? ಏಕಚಕ್ರನಗರ, ಬಂಡಿ ತುಂಬ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಹೋದ ಮನುಷ್ಯ. ಮನೆಗೊಂದು ಸರದಿ. ಸರದಿ ಅಂದರೆ ಎಲ್ಲರಿಗೂ ಸಮ ಅಂತ ಅನಿಸುತ್ತದೆ. ಆದರೆ ವ್ಯಾಸಭಾರತದಲ್ಲಿ, ಪಾಂಡವರಿಗೆ ಮನೆ ಕೊಟ್ಟ ಬ್ರಾಹ್ಮಣ ಗೋಳಾಡುವಾಗ ಒಂದು ಮಾತು ಅಂತಾನೆ. ಬದಲಿಗೆ ಯಾರನ್ನಾದರೂ ಕೊಂಡುಕೊಂಡು ಕಳಿಸೋಣ ಅಂದರೆ ನನ್ನ ಹತ್ತಿರ ದುಡ್ಡಿಲ್ಲ ಅನ್ನುವ ಅರ್ಥದ ಮಾತು. ಅಂದರೆ ದುಡ್ಡಿದ್ದವರು ಕೊಂಡು ಕಳಿಸಬಹುದಿತ್ತು. ಭೀಮ ಬಂದು ರಾಕ್ಷಸನನ್ನು ಕೊಂದ ಗದ್ದಲದಲ್ಲಿ ಈ ಸಾಲು ಯಾರ ಕಿವಿಗೂ ಬೀಳುವುದಿಲ್ಲ.

ಈಗ ಉಳಿದ ಪುಸ್ತಕಗಳಿಗೆ ಬರೋಣ. ವೆರೋನಿಕಾ ರಾತ್ ಅವರ 'ಡೈವರ್ಜೆಂಟ್' 2011ರದು. ಮುಂದಿನ ಕಾಲದ ಶಿಕಾಗೋ ನಗರ. ಜನ ಐದು ಪಂಗಡ. ಹದಿನಾರಕ್ಕೆ ಯಾವ ಪಂಗಡ ಅಂತ ಆರಿಸಿಕೊಳ್ಳಬೇಕು. ಎಲ್ಲೂ ಸಲ್ಲದವರು ಪಂಗಡವಿಲ್ಲದವರಾಗುತ್ತಾರೆ. ಕಸ ಎತ್ತೋದು, ಬಸ್ಸು ಓಡಿಸೋದು, ಬಟ್ಟೆ ನೇಯೋದು, ಕಟ್ಟಡ ಕೆಲಸ, ಎಲ್ಲ ಅವರದೇ. ಕೂಲಿ ಅಂದರೆ ಊಟ, ಬಟ್ಟೆ. ಕೇಳಲು ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಹಾಕಿದರೆ ಕಥೆ ತಡವರಿಸುತ್ತದೆ. ಆ ಊಟ ಎಷ್ಟು, ಯಾರು ಅಳೆಯುತ್ತಾರೆ, ಕೆಲಸಕ್ಕೆ ಬರದ ದಿನ ಏನು? ಮೊದಲ ಪುಸ್ತಕದಲ್ಲಿ ಅವರು ರಸ್ತೆ ಬದಿಯ ನೋಟ ಅಷ್ಟೇ. ನಾಯಕಿಗೆ ಅವರ ಹಾಗೆ ಆಗಿಬಿಡುತ್ತೇನೇನೋ ಅನ್ನೋ ಭಯ. ಬಡತನ ಇಲ್ಲಿ ಫೇಲಾದವರಿಗೆ ಸಿಗುವ ಶಿಕ್ಷೆ. ಓದದಿದ್ದರೆ ಇವರ ಹಾಗೆ ಕಸ ಹೊಡೀತಿ ನೋಡು ಅಂತ ಪೌರಕಾರ್ಮಿಕರನ್ನು ತೋರಿಸಿ ಮಕ್ಕಳಿಗೆ ಹೇಳುವವರ ದನಿ ಇದರಲ್ಲಿ ಕೇಳುತ್ತದೆ. ಮುಂದಿನ ಭಾಗಗಳಲ್ಲಿ ಆ ಜನ ಎದ್ದು ನಿಲ್ಲುತ್ತಾರೆ, ನಿಜ. ಆದರೆ ನಿಲ್ಲುವುದು ಸೈನ್ಯವಾಗಿ. ಸಂಜೆ ಮನೆಗೆ ಹೋಗಿ ಒಲೆ ಹಚ್ಚುವುದನ್ನು ನಾವು ಸರಿಯಾಗಿ ನೋಡುವುದೇ ಇಲ್ಲ.

ಮೇರಿ ಲು ಅವರ 'ಲೆಜೆಂಡ್' ಅರ್ಧ ಪಾಸು. ಅಲ್ಲಿ ಹತ್ತನೇ ವಯಸ್ಸಿಗೆ ಎಲ್ಲ ಮಕ್ಕಳಿಗೂ ಒಂದು ಪರೀಕ್ಷೆ. 1500 ಅಂಕ. ಅದರ ಮೇಲೆ ಇಡೀ ಬದುಕು. ಕೊಳೆಗೇರಿಯ ಮಕ್ಕಳ ಪಾಲಿಗೆ ಆ ಪರೀಕ್ಷೆ ಹೇಗೆ ನಡೆಯುತ್ತದೆ ಅನ್ನೋದು ಕಥೆಯ ಗುಟ್ಟು, ನಾನು ಬಿಚ್ಚುವುದಿಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪೇಪರಿನಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದೆ. ಕಲ್ಯಾಣ ಕರ್ನಾಟಕದವರು ಅದನ್ನು ಕೆಳಗಿನಿಂದ ಓದಲು ಶುರು ಮಾಡುತ್ತೇವೆ. ಹಾಗೆ ಓದಿ ಅಭ್ಯಾಸ ಇರುವ ಮಕ್ಕಳಿಗೆ ಈ ಪುಸ್ತಕವನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಲೋಯಿಸ್ ಲೌರಿ ಅವರ 'ದಿ ಗಿವರ್' ಇವೆಲ್ಲಕ್ಕಿಂತ ಹಳೆಯದು, 1993ರದು. ಅಲ್ಲಿ ಹಸಿವೇ ಇಲ್ಲ. ಎಲ್ಲರಿಗೂ ಊಟ, ಎಲ್ಲರಿಗೂ ಒಂದೇ ಥರದ ಮನೆ. ಆದರೂ ಒಂದು ಕೆಲಸ ಇದೆ, ಮಕ್ಕಳನ್ನು ಹೆತ್ತುಕೊಡುವುದು. ಮೂರು ವರ್ಷ, ಮೂರು ಹೆರಿಗೆ. ಆ ಮೂರು ವರ್ಷ ಒಳ್ಳೆಯ ಊಟ. ಮುಗಿದ ಮೇಲೆ ಮುಪ್ಪಿನವರೆಗೂ ಕೂಲಿ. ಆ ಕೆಲಸ ಬೇಕು ಅಂದ ಪುಟ್ಟ ಮಗಳಿಗೆ ತಾಯಿ ಗದರುತ್ತಾಳೆ, ಅದರಲ್ಲಿ ಮರ್ಯಾದೆ ಇಲ್ಲ ಅಂತ. ಬಡತನ ತೆಗೆದುಹಾಕಿದರೂ ಮೇಲು ಕೀಳು ಉಳಿಯಬಹುದು ಅಂತ ಅಷ್ಟು ಚಿಕ್ಕ ಪುಸ್ತಕ ಎರಡೇ ಸಾಲಿನಲ್ಲಿ ತೋರಿಸಿಬಿಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಇವ್ಯಾವುದೂ ಅಲ್ಲ. ಪಾವೊಲೊ ಬಾಚಿಗಲುಪಿ ಬರೆದ 'ಶಿಪ್ ಬ್ರೇಕರ್'. 2010ರಲ್ಲಿ ಬಂತು, ಮರುವರ್ಷ ಅಮೆರಿಕದಲ್ಲಿ ಯುವ ಓದುಗರ ಪುಸ್ತಕಗಳಿಗೆ ಕೊಡುವ ಪ್ರಿಂಟ್ಜ್ ಪ್ರಶಸ್ತಿ ಪಡೆಯಿತು. ಸಮುದ್ರ ಮಟ್ಟ ಏರಿ ಊರುಗಳು ಮುಳುಗಿದ ಕಾಲ. ಅಮೆರಿಕದ ದಕ್ಷಿಣದ ಕಡಲ ದಂಡೆಯಲ್ಲಿ ಹಳೇ ಹಡಗುಗಳನ್ನು ಒಡೆಯುವ ಕೆಲಸ. ನೈಲರ್ ಅನ್ನೋ ಹುಡುಗ ಹಡಗಿನ ಒಳಗಿನ ಕಿರಿದಾದ ಗಾಳಿ ಕೊಳವೆಗಳಲ್ಲಿ ತೆವಳಿಕೊಂಡು ಹೋಗಿ ತಾಮ್ರದ ತಂತಿ ಕಿತ್ತು ತರುತ್ತಾನೆ. ಹಡಗು ಒಡೆಯುವ ದಂಡೆ ನಿಜವಾಗಿ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಗುಜರಾತಿನ ಅಲಂಗ್‌ಗೆ ಹೋಗಬಹುದು. ಲೇಖಕ ಬರೀ ಜಾಗ ಬದಲಿಸಿದ್ದಾನೆ.

ನೈಲರ್‌ನ ಕಷ್ಟ ಏನು ಗೊತ್ತಾ? ಬೆಳೆಯುತ್ತಿರುವುದು. ಮೈ ದಪ್ಪವಾದರೆ ಕೊಳವೆಯಲ್ಲಿ ತೂರಲು ಆಗುವುದಿಲ್ಲ, ಕೆಲಸ ಹೋಗುತ್ತದೆ. ಭಾರ ಎತ್ತುವ ದೊಡ್ಡವರ ಗುಂಪಿಗೆ ಸೇರಲು ಬೇಕಾದ ಗಟ್ಟಿ ಮೈ ಬರಬೇಕು ಅಂದರೆ ಹೊಟ್ಟೆ ತುಂಬ ಉಣ್ಣಬೇಕು, ಉಣ್ಣಲು ಕಾಸಿಲ್ಲ. ಒಂದು ದಿನ ಅವನು ಕತ್ತಲ ಹಡಗಿನೊಳಗೆ ಎಣ್ಣೆಯ ಗುಂಡಿಗೆ ಬೀಳುತ್ತಾನೆ. ಕುತ್ತಿಗೆಯವರೆಗೆ ಎಣ್ಣೆ. ಅವನ ಗುಂಪಿನ ಹುಡುಗಿಯೇ ಅಲ್ಲಿಗೆ ಬರುತ್ತಾಳೆ. ಕೈ ಕೊಟ್ಟು ಎತ್ತಬಹುದು. ಆದರೆ ಅಷ್ಟು ಎಣ್ಣೆ ಸಿಕ್ಕಿದ ಗುಟ್ಟು ತನ್ನೊಬ್ಬಳಿಗೇ ಇದ್ದರೆ ಬದುಕೇ ಬದಲಾಗುತ್ತದೆ. ಅವಳು ಬಿಟ್ಟು ಹೋಗುತ್ತಾಳೆ.

ಅವಳು ಕೆಟ್ಟವಳಾ ಅಂತ ಕ್ಲಾಸಿನಲ್ಲಿ ಕೇಳಿದರೆ ಗಂಟೆ ಹೊಡೆದರೂ ಜಗಳ ಮುಗಿಯುವುದಿಲ್ಲ. ಹುಡುಗರು ಸಾಮಾನ್ಯವಾಗಿ ಕೆಟ್ಟವಳು ಅಂತಾರೆ. ಒಂದು ವರ್ಷ ಒಬ್ಬಳು ಬೇರೆ ಥರ ಉತ್ತರ ಕೊಟ್ಟಳು. ಅವಳ ಮನೆಯಲ್ಲಿ ಜೀನ್ಸ್ ಕೆಲಸ. ಬಳ್ಳಾರಿ ಜೀನ್ಸ್ ಹೆಸರು ಕೇಳಿರುತ್ತೀರಿ. ಹೊಲಿದ ಪ್ಯಾಂಟುಗಳು ಕಟ್ಟು ಕಟ್ಟಾಗಿ ಮನೆಗಳಿಗೆ ಬರುತ್ತವೆ. ಹೊಲಿಗೆಯ ತುದಿಯಲ್ಲಿ ಬಿಟ್ಟ ದಾರದ ಎಳೆಗಳನ್ನು ಕತ್ತರಿಸಿ ಕೊಡಬೇಕು. ಪೀಸಿಗೆ ಇಷ್ಟು ಅಂತ ಕೂಲಿ. ಅವ್ವ, ಅಕ್ಕ, ಅವಳು, ಟಿವಿ ಮುಂದೆ ಕೂತು ಮೂವರೂ ಕತ್ತರಿಸುತ್ತಾರೆ. ಬೆರಳಿನ ಸಂದಿಗೆ ನೀಲಿ ಬಣ್ಣ ಹತ್ತಿ, ಪರೀಕ್ಷೆ ದಿನವೂ ಹೋಗಿರುವುದಿಲ್ಲ. ಅವಳು ಹೇಳಿದ್ದಿಷ್ಟು: ಓಣಿಗೆ ಬರುವ ಕಟ್ಟು ಕಡಿಮೆಯಾದ ವಾರ, ಪಕ್ಕದ ಮನೆಯವರಿಗಿಂತ ಮೊದಲು ಹೋಗಿ ತರಬೇಕು ಅಂತ ಅವ್ವ ನಸುಕಿನಲ್ಲಿ ಎಬ್ಬಿಸುತ್ತಾಳೆ. ಪಕ್ಕದ ಮನೆಯಾಕಿ ಅವ್ವನ ಗೆಳತಿ. "ಎಬ್ಬಿಸೋವಾಗ ಅವ್ವ ಬಾಗಿಲು ಸಪ್ಪಳ ಮಾಡಬ್ಯಾಡ ಅಂತಾಳ್ರೀ ಮೇಡಂ."

ಇದಕ್ಕಿಂತ ಚೆನ್ನಾಗಿ ಆ ಅಧ್ಯಾಯವನ್ನು ವಿವರಿಸಲು ನನ್ನಿಂದ ಆಗುವುದಿಲ್ಲ.

ಪುಸ್ತಕಗಳಲ್ಲಿ ಸಿಗದ ಬಡತನವೂ ಇದೆ. ಮೊದಲನೆಯದು ಏಳಿಗೆಯ ಕಾಲದ ಬಡತನ. ಡಿಸ್ಟೋಪಿಯದಲ್ಲಿ ಬಡವರು ಯಾವತ್ತೂ ಒಂದೇ ಸಮನೆ ಬಡವರು. ನಾವು ಕಂಡದ್ದು ಹಾಗಲ್ಲ. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ಸಂಡೂರು ಹೊಸಪೇಟೆ ರಸ್ತೆಯಲ್ಲಿ ಮರದ ಎಲೆ ಕೂಡ ಕೆಂಪಗಿತ್ತು. ಕೂಲಿಯವರು ಸಾಲ ಮಾಡಿ ಲಾರಿ ತಂದರು. ಹೊಲ ಬಿಟ್ಟು ಕ್ಲೀನರ್ ಆದರು. ಮಕ್ಕಳು ಶಾಲೆ ಬಿಟ್ಟು ಅಪ್ಪ ಅವ್ವನ ಜೊತೆ ಅದಿರು ಒಡೆದು ಸೋಸುತ್ತಿದ್ದರು, ನಮ್ಮದೇ ಊರಿನ ನೈಲರ್‌ಗಳು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಲಾರಿಗಳ ಕಂತು ನಿಲ್ಲಲಿಲ್ಲ. ದುಡ್ಡು ಹರಿಯುವ ಕಾಲದಲ್ಲೂ ಬಡವರ ಕೈಯಲ್ಲಿ ಇದ್ದದ್ದು ಸಾಲವೇ. ಇಂಥ ಏರಿಳಿತ ಹದಿಹರೆಯದ ಡಿಸ್ಟೋಪಿಯದಲ್ಲಿ ನನಗೆ ಸಿಕ್ಕಿಲ್ಲ.

ಎರಡನೆಯದು ಗುಳೆ. ಪ್ಯಾನೆಮ್‌ನಲ್ಲಿ ಬೇಲಿ ದಾಟಿದರೆ ಶಿಕ್ಷೆ. ನಮ್ಮಲ್ಲಿ ಬೇಲಿ ಇಲ್ಲ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬೆಂಗಳೂರಿಗೆ ರಾತ್ರಿ ಬಸ್ಸುಗಳಿವೆ. ಗಂಡ ಹೆಂಡತಿ ಅಪಾರ್ಟ್‌ಮೆಂಟ್ ಕಟ್ಟಲು ಹೋಗುತ್ತಾರೆ, ಅಜ್ಜಿಯ ಹತ್ತಿರ ಮಕ್ಕಳು ಉಳಿಯುತ್ತಾರೆ. ಕ್ಯಾಪಿಟಲ್‌ಗೆ ಜನರನ್ನು ಹಿಡಿದು ಒಯ್ಯುವ ಅಗತ್ಯವೇ ಇಲ್ಲ, ಅವರೇ ಟಿಕೆಟ್ ತಗೊಂಡು ಬರುತ್ತಾರೆ ಅಂತ ಒಬ್ಬ ಹುಡುಗ ಪರೀಕ್ಷೆಯಲ್ಲಿ ಬರೆದಿದ್ದ. ಮಾರ್ಕ್ಸ್ ಕೊಡದೆ ಇರಲು ಆಗಲಿಲ್ಲ.

ಜಾತಿಯ ವಿಷಯಕ್ಕೆ ಬಂದರೆ, ಅದನ್ನು ಹೆಸರಿಸದೆಯೇ ಹತ್ತಿರ ಬಂದದ್ದು 2014ರಲ್ಲಿ ಬಂದ ಪಿಯರ್ಸ್ ಬ್ರೌನ್ ಅವರ 'ರೆಡ್ ರೈಸಿಂಗ್'. ದೊಡ್ಡವರ ಪುಸ್ತಕ ಅಂತ ಬಂದರೂ ಹುಡುಗರೇ ಜಾಸ್ತಿ ಓದುತ್ತಾರೆ. ಮಂಗಳ ಗ್ರಹ. ಜನರನ್ನು 14 ಬಣ್ಣಗಳಲ್ಲಿ ಹಂಚಿದ್ದಾರೆ, ಹುಟ್ಟಿನಿಂದಲೇ. ಚಿನ್ನದ ಬಣ್ಣದವರು ಮೇಲೆ, ಕೆಂಪಿನವರು ನೆಲದಡಿಯ ಗಣಿಯಲ್ಲಿ. ಕೈ ಮೇಲೆ ಬಣ್ಣದ ಗುರುತು. ವರ್ಣ ಅಂದರೆ ಬಣ್ಣ ಅಂತ ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೆಚ್ಚು ಖನಿಜ ತೆಗೆದ ಗುಂಪಿಗೆ ಜಾಸ್ತಿ ಊಟದ ಬಹುಮಾನ ಇರುತ್ತದೆ. ಅದು ಪ್ರತಿ ಸಲ ಒಂದೇ ಗುಂಪಿಗೆ ಹೋಗುತ್ತದೆ, ಉಳಿದವರು ಮುಂದಿನ ಸಲ ನಮಗೇ ಅಂತ ದುಡಿಯುತ್ತಲೇ ಇರುತ್ತಾರೆ. ಅಲ್ಲಿಯವರೆಗೆ ಲೆಕ್ಕ ಪಕ್ಕಾ. ಆಮೇಲೆ ಕಥಾನಾಯಕನಿಗೆ ಆಪರೇಷನ್ ಮಾಡಿ ಮೇಲಿನ ಬಣ್ಣದವನನ್ನಾಗಿ ಬದಲಿಸುತ್ತಾರೆ. ಇದು ಬಂದಾಗ ಕ್ಲಾಸಿನಲ್ಲಿ ಒಂದು ಥರದ ನಗು ಏಳುತ್ತದೆ. ಹಾಗೆ ಆಗೋದಿದ್ದರೆ ದವಾಖಾನೆ ಮುಂದೆ ಕ್ಯೂ ಎಷ್ಟಿರುತ್ತಿತ್ತು ರೀ ಅಂತ ಯಾರೋ ಅಂದೇ ಅಂತಾರೆ.

ಬೇರೆ ಮೇಷ್ಟ್ರುಗಳು ನನ್ನನ್ನು ಕೇಳುವುದು, ಮೊದಲೇ ಕಷ್ಟದಲ್ಲಿರುವ ಮಕ್ಕಳಿಗೆ ಇಂಥ ಕಥೆ ಯಾಕೆ ಅಂತ. ಖುಷಿಯ ಕಥೆ ಹೇಳಬಾರದಾ? ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ತಮ್ಮ ಮನೆಯ ಲೆಕ್ಕವನ್ನು ಮಾತಾಡಲು ಈ ಮಕ್ಕಳಿಗೆ ನಾಚಿಕೆ. ಕ್ಯಾಟ್ನಿಸ್ ಮನೆಯ ಲೆಕ್ಕ ಮಾತಾಡಲು ನಾಚಿಕೆ ಇಲ್ಲ. ಅವಳ ಹೆಸರಿನ ಹಿಂದೆ ಕೂತು ಏನು ಬೇಕಾದರೂ ಹೇಳಬಹುದು. ಹಾಗಂತ ನಿಮ್ಮ ಮನೆಯಲ್ಲಿ ಹೇಗೆ ಅಂತ ನಾನು ಯಾವತ್ತೂ ಕೇಳುವುದಿಲ್ಲ. ಇದೊಂದು ಎಚ್ಚರ ಬೇಕೇ ಬೇಕು. ಹೊಸದಾಗಿ ಸೇರಿದಾಗ ಒಮ್ಮೆ ಕೇಳಿ, ಒಬ್ಬ ಹುಡುಗ ವಾರ ಪೂರ್ತಿ ಕ್ಲಾಸಿಗೆ ಬರಲಿಲ್ಲ.

ಕೊನೆಯಲ್ಲಿ ಒಂದು ಅಸೈನ್‌ಮೆಂಟ್ ಕೊಡುತ್ತೇನೆ. 2100ನೇ ಇಸವಿಯ ಬಳ್ಳಾರಿಯ ಬಗ್ಗೆ ಒಂದು ಪುಟ, ಕನ್ನಡವೋ ಇಂಗ್ಲಿಷೋ ನಿಮಗೆ ಬಿಟ್ಟದ್ದು, ಹತ್ತು ಮಾರ್ಕ್ಸ್. ರೋಬೋಟುಗಳು ಬರುತ್ತವೆ, ಕೋಟೆ ಗುಡ್ಡದ ಮೇಲೆ ಕ್ಯಾಪಿಟಲ್ ಬರುತ್ತದೆ, ತುಂಗಭದ್ರೆ ಒಣಗುತ್ತದೆ. ಒಬ್ಬ ಎಲ್ಲ ಈಗಿನ ಹಾಗೇ ಇದೆ, ಸಿರುಗುಪ್ಪ ಬಸ್ಸು ಮಾತ್ರ ಟೈಮಿಗೆ ಬರುತ್ತದೆ ಅಂತ ಬರೆದ. ಡಿಸ್ಟೋಪಿಯ ಅಂದರೆ ಅದಲ್ಲ ಮಾರಾಯ ಅಂದೆ.

ಸಂಘದ ಸಾಲ ಅಂದಿದ್ದ ಆ ಹುಡುಗಿ ಕಥೆ ಬರೆಯಲಿಲ್ಲ. ಸ್ಕೇಲು ಇಟ್ಟು ಗೆರೆ ಎಳೆದು ಒಂದು ಅರ್ಜಿ ಫಾರಂ ಮಾಡಿಕೊಂಡು ಬಂದಿದ್ದಳು. ಅರ್ಜಿದಾರರ ಹೆಸರು. ಮನೆಯಲ್ಲಿ ಎಷ್ಟು ಜನ. ಬೇಕಾದ ಅಕ್ಕಿ. ಬೇಕಾದ ನೀರು, ಕೊಡಗಳಲ್ಲಿ. ಈ ಹಿಂದೆ ಪಡೆದದ್ದು. ಒತ್ತೆ ಇಡುವ ಹೆಸರು. ಒತ್ತೆಯವರ ವಯಸ್ಸು. ಅರ್ಜಿದಾರರಿಗೂ ಒತ್ತೆಯವರಿಗೂ ಇರುವ ಸಂಬಂಧ, ಮಗಳು. ಎಲ್ಲ ಕಾಲಂ ತುಂಬಿ, ಕೆಳಗೆ ಸಹಿ ಜಾಗದಲ್ಲಿ ಪೆನ್ನಿನ ಇಂಕು ಸವರಿ ಹೆಬ್ಬೆಟ್ಟು ಒತ್ತಿದ್ದಳು.

"ಇದು ಕತೆ ಆಗ್ತೈತೇನ್ರೀ ಮೇಡಂ?" ಅಂದಳು.

ಒಂಬತ್ತು ಕೊಟ್ಟೆ. ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಒಂದು ಮಾರ್ಕ್ಸ್ ಎಲ್ಲಿ ಹೋಯಿತು ಅಂತ ಕೇಳಿದಳು. ಫಾರಂ ತೆಗೆದು ತೋರಿಸಿದೆ. ತಾರೀಖಿನ ಕಾಲಂ ಖಾಲಿ ಬಿಟ್ಟಿದ್ದಳು.